ಎಮ್ಮೆಲ್ಲೆ ಬರೋ ದಾರಿ

ನಮ್ಮೂರಿಗೆ ಎಮ್ಮೆಲ್ಲೆ ಬರ್ತಾರೆ ಅನ್ನೋದು ಮೊದಲು ಗೊತ್ತಾಗೋದು ಚರಂಡಿಗೆ. ಹಿಂದಿನ ದಿನ ಸಂಜೆ ಅದರ ಎರಡೂ ಕಡೆ ಬ್ಲೀಚಿಂಗ್ ಪೌಡರ್ ಬಿದ್ದಿರುತ್ತದೆ. ಒಳಗಿನ ಕೊಳೆ ಇದ್ದ ಹಾಗೇ ಇರುತ್ತದೆ, ಅಂಚು ಮಾತ್ರ ಬೆಳ್ಳಗೆ. ಚರಂಡಿ ಆದಮೇಲೆ ಗೊತ್ತಾಗೋದು ನನಗೆ. ಬಸ್ ಸ್ಟ್ಯಾಂಡ್ ಪಕ್ಕ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಮನವಿ ಪತ್ರ ಟೈಪ್ ಮಾಡಿಸೋಕೆ ಜನ ಬಂದು ನಿಲ್ಲುತ್ತಾರೆ. ಕೊನೆಗೆ ಗೊತ್ತಾಗೋದು ಎಮ್ಮೆಲ್ಲೆಗೇ ಅಂತ ಕಾಣುತ್ತೆ. ಯಾಕಂದ್ರೆ ಹನ್ನೊಂದಕ್ಕೆ ಅಂದವರು ಬರೋದು ಮೂರಕ್ಕೆ.

ಯಾವ ಊರು, ಯಾವ ಕ್ಷೇತ್ರ ಅಂತ ಕೇಳಬೇಡಿ. ದಾವಣಗೆರೆ ಜಿಲ್ಲೆಯಲ್ಲಿ ಏಳು ಕ್ಷೇತ್ರ ಇವೆ, ಅದರಲ್ಲಿ ಒಂದು ಅಂತ ಇಟ್ಕೊಳ್ಳಿ. ಹೆಸರು ಹೇಳಿದರೆ ಒಂದು ಪಾರ್ಟಿಯವರು ನನ್ನ ಅಂಗಡಿಗೆ ಬರೋದು ಬಿಡ್ತಾರೆ. ಹೇಳದಿದ್ದರೆ ಎರಡೂ ಪಾರ್ಟಿಯವರ ಜೆರಾಕ್ಸ್ ನನ್ನ ಹತ್ತಿರವೇ.

ಮನವಿಗಳಲ್ಲಿ ನಾಲ್ಕೈದು ಜಾತಿ. ಭದ್ರಾ ನಾಲೆಯ ಕೊನೇ ಭಾಗಕ್ಕೆ ನೀರು ಬಂದಿಲ್ಲ ಅನ್ನೋದು ಬೇಸಿಗೆ ಬೆಳೆಯ ಮನವಿ. ಡ್ಯಾಂ 186 ಅಡಿ ತುಂಬಿದ ವರ್ಷವೂ ಅದು ಬರುತ್ತದೆ, ತುಂಬದ ವರ್ಷವೂ ಬರುತ್ತದೆ. ಬಗರ್ ಹುಕುಂ, ಅಂದ್ರೆ ಮಂಜೂರಾತಿ ಇಲ್ಲದೇ ಉಳ್ತಾ ಇರೋ ಸರ್ಕಾರಿ ಜಮೀನಿಂದು ಇನ್ನೊಂದು. ಸಕ್ರಮ ಮಾಡಿಕೊಡಿ ಅಂತ ನಮೂನೆ 57ರಲ್ಲಿ ಅರ್ಜಿ ಹಾಕಿ ಕಾದು ಕೂತವರದ್ದು. ಇದನ್ನ ಎಮ್ಮೆಲ್ಲೆಗೆ ಕೊಡೋದರಲ್ಲಿ ಅರ್ಥ ಇದೆ, ಆ ಅರ್ಜಿ ನೋಡೋ ಸಮಿತಿಗೆ ಅವರೇ ಅಧ್ಯಕ್ಷರು. ಹಾಸ್ಟೆಲ್ ಸೀಟು, ಟ್ರಾನ್ಸ್‌ಫರ್ ಇದ್ದೇ ಇರುತ್ತವೆ. ಆಮೇಲೆ ನಮ್ಮ ಹಳ್ಳದ ಓಣಿಯ ಮನವಿ. ಅದು ಕಂಪ್ಯೂಟರಿನಲ್ಲಿ ಸದಾ ರೆಡಿ. ‘ವಿಷಯ: ನಮ್ಮ ಗ್ರಾಮದ ಹಳ್ಳದ ಓಣಿಗೆ ಸಿ.ಸಿ. ರಸ್ತೆ ಮಂಜೂರು ಮಾಡಿಕೊಡುವ ಕುರಿತು.’ ಎಲೆಕ್ಷನ್ ಆದಾಗ ಹೆಸರು ಬದಲಾಯಿಸ್ತೀನಿ, ಅವರು ಬರೋ ಹಿಂದಿನ ದಿನ ತಾರೀಖು ಬದಲಾಯಿಸ್ತೀನಿ. ವಿಷಯ ಮುಟ್ಟೋ ಪ್ರಮೇಯ ಇನ್ನೂ ಬಂದಿಲ್ಲ.

ಮೊನ್ನೆ ಸಂಜೆ ಅಕ್ಕನ ಅಂಗಡಿಯಲ್ಲಿ ಮಂಡಕ್ಕಿ ಮೆಣಸಿನಕಾಯಿ ಮುಂದಿಟ್ಟುಕೊಂಡು ಕೂತಾಗ ಇದೇ ಮಾತು ಬಂತು. ಬರೋ ಗುರುವಾರ ಸಾಹೇಬ್ರು ಬರ್ತಾರಂತೆ ಅಂತ ಸುದ್ದಿ ತಂದವರು ಮೆಂಬರ್ರು. ಅವರು ಪಂಚಾಯ್ತಿ ಎಲೆಕ್ಷನ್ ಸೋತು ಕಾಲವಾಯಿತು. ಆದರೆ ಊರಲ್ಲಿ ಒಂದು ಸಲ ಮೆಂಬರ್ ಆದವರು ಸಾಯೋವರೆಗೂ ಮೆಂಬರ್ರೇ.

"ಈ ಸಲ ಅವರನ್ನ ಹಳ್ಳದ ಓಣಿ ಮೇಲೇ ಕರ್ಕೊಂಡು ಬರಬೇಕು," ಅಂದರು ಮೆಂಬರ್ರು. "ಮನವಿ ಗಿನವಿ ಬ್ಯಾಡ. ಗುಂಡಿ ಅವರ ಸೊಂಟಕ್ಕೇ ಗೊತ್ತಾಗ್ಲಿ."

"ಗೊತ್ತಾಗಲ್ಲ ಮೆಂಬರ್ರೇ," ಅಂದ ಡ್ರೈವರ್ ಮಾಮ. ಅವನು ಹಿಂದೆ ಒಬ್ಬ ಎಮ್ಮೆಲ್ಲೆಯ ಗಾಡಿ ಓಡಿಸಿದವನು. ಯಾರು ಅಂತ ಕೇಳಿದರೆ, ಉಪ್ಪು ತಿಂದಿದ್ದೀನಿ, ಹೆಸರು ಹೇಳಲ್ಲ ಅಂತಾನೆ. ಉಳಿದದ್ದೆಲ್ಲ ಹೇಳ್ತಾನೆ. "ಆ ಗಾಡೀಲಿ ಕೂತೋರಿಗೆ ಗುಂಡಿ ಅಂದ್ರೆ ತೊಟ್ಟಿಲು ತೂಗಿದಂಗೆ. ನಮ್ಮ ಸಾಹೇಬ್ರಿಗೆ ಹೈವೇಲಿ ನಿದ್ದೆ ಬರ್ತಿರಲಿಲ್ಲ. ಹಳ್ಳಿ ರೋಡಿಗೆ ತಿರುಗಿದ್ರೆ ಸಾಕು, ಗೊರಕೆ."

"ಹಂಗಾದ್ರೆ ಗಾಡಿ ಇಳಿಸಿ ನಡೆಸೋದು."

"ಯಾಕೆ ನಡೀತಾರೆ? ನೀವು ನಡೆಸ್ತೀನಿ ಅಂದ್ರೆ ಗನ್‌ಮ್ಯಾನ್ ಸುಮ್ನಿರ್ತಾನಾ?"

ಮೇಷ್ಟ್ರು ಅಲ್ಲಿವರೆಗೂ ಮೆಣಸಿನಕಾಯಿಯ ಬೀಜ ತೆಗೆದು ಪೇಪರಿನ ಮೂಲೆಗೆ ಒತ್ತುತ್ತಾ ಇದ್ದರು. ಅವರಿಗೆ ಅಲ್ಸರ್. ಬೀಜ ತೆಗೆದ ಮೆಣಸಿನಕಾಯಿ ತಿನ್ನೋದು ಯಾಕೆ ಅಂತ ಕೇಳುವ ಧೈರ್ಯ ಯಾರಿಗೂ ಇಲ್ಲ, ಎಲ್ಲರಿಗೂ ಅವರೇ ಕಲಿಸಿದ್ದು. "ಅಲ್ರಪ್ಪಾ," ಅಂದರು, "ಎಮ್ಮೆಲ್ಲೆ ಅಂದ್ರೆ ಏನು ಅಂತ ತಿಳ್ಕೊಂಡಿದ್ದೀರಿ? ರಾಜ್ಯಕ್ಕೆಲ್ಲ 224 ಜನ ಆರಿಸಿ ಕಳಿಸೋದು ಕಾನೂನು ಮಾಡೋಕೆ, ಬಜೆಟ್ ಮೇಲೆ ಮಾತಾಡೋಕೆ. ವರ್ಷಕ್ಕೆ 60 ದಿನ ಆದ್ರೂ ಅಧಿವೇಶನ ನಡೀಬೇಕು ಅಂತ 2005ರಲ್ಲಿ ಅವರೇ ಕಾನೂನು ಮಾಡ್ಕೊಂಡಿದ್ದಾರೆ. ಎಷ್ಟೋ ವರ್ಷ ಅಷ್ಟೂ ನಡೆಯಲ್ಲ. ಅದನ್ನ ಯಾರಾದ್ರೂ ಕೇಳಿದ್ದೀರಾ? ಬೀದಿ ಲೈಟು, ಚರಂಡಿ, ನಲ್ಲಿ, ಇವೆಲ್ಲ ಪಂಚಾಯ್ತಿ ಕೆಲಸ. ಅದಕ್ಕೆ ಎಮ್ಮೆಲ್ಲೆ ಯಾಕೆ ಬರಬೇಕು?"

ಎಲ್ಲರೂ ಮೆಂಬರ್ರ ಮುಖ ನೋಡಿದರು. ಮೆಂಬರ್ರು ಮಂಡಕ್ಕಿಯಲ್ಲಿ ಶೇಂಗಾ ಹುಡುಕಿದರು.

"ಗ್ರಾಮಸಭೆ ಆರು ತಿಂಗಳಿಗೊಂದು ಮಾಡ್ಲೇಬೇಕು," ಮೇಷ್ಟ್ರು ಬಿಡಲಿಲ್ಲ. "ಕೊನೇ ಗ್ರಾಮಸಭೆಗೆ ಎಷ್ಟು ಜನ ಬಂದಿದ್ರಿ? ಮೈಕಿನೋನು, ವಾಟರ್‌ಮ್ಯಾನು, ನಾನು."

ಎಣ್ಣೆ ಬಾಣಲೆ ಹಿಂದಿನಿಂದ ಅಕ್ಕ ತಲೆ ಎತ್ತಿದಳು. "ಮೇಷ್ಟ್ರೇ, ನೀವು ಹೇಳೋದು ಎಲ್ಲಾ ಸರಿ. ಆದ್ರೆ ಅವರು ಬೆಂಗಳೂರಲ್ಲೇ ಕೂತು ಕಾನೂನು ಮಾಡ್ತಾ ಇದ್ರೆ ನನ್ನ ಮೊಮ್ಮಗಳ ನಾಮಕರಣಕ್ಕೆ ಯಾರು ಬರ್ತಾರೆ?"

ಮೇಷ್ಟ್ರ ಹತ್ತಿರ ಇದಕ್ಕೆ ಉತ್ತರ ಇರಲಿಲ್ಲ. ನನ್ನನ್ನು ಕೇಳಿದರೆ ಯಾರ ಹತ್ತಿರವೂ ಇಲ್ಲ. ನಮ್ಮ ಕಡೆ ಎಮ್ಮೆಲ್ಲೆಗೆ ಮಾರ್ಕ್ಸ್ ಕೊಡೋದು ಸದನದಲ್ಲಿ ಏನು ಮಾತಾಡಿದ ಅಂತ ಅಲ್ಲ. ಮದುವೆಗೆ ಬಂದಿದ್ರಾ, ಗೃಹಪ್ರವೇಶಕ್ಕೆ ಬಂದಿದ್ರಾ, ಎಲ್ಲಕ್ಕಿಂತ ಹೆಚ್ಚಾಗಿ ಮಣ್ಣಿಗೆ ಬಂದಿದ್ರಾ. ಮದುವೆ ತಪ್ಪಿಸಿಕೊಂಡರೆ ಜನ ಕ್ಷಮಿಸ್ತಾರೆ. ಮಣ್ಣಿಗೆ ಬರಲಿಲ್ಲ ಅಂದ್ರೆ ಮೂರು ತಲೆಮಾರು ಓಟು ಹಾಕೋದಿಲ್ಲ. "ನಮ್ಮಪ್ಪನ ಮಣ್ಣಿಗೆ ಬರ್ಲಿಲ್ಲ ಕಣ್ರೀ ಅವ್ನು" ಅಂತ ಹೇಳುವಾಗ ಆ ದನಿಯಲ್ಲಿ ಇರೋ ಸಿಟ್ಟು, ನಾಲೆ ನೀರು ಬರದಿದ್ದಾಗಲೂ ನಾನು ಕೇಳಿಲ್ಲ.

ಡ್ರೈವರ್ ಮಾಮನಿಗೆ ಇದು ಚೆನ್ನಾಗಿ ಗೊತ್ತು. "ದಾರಿ ಯಾವುದು ಅಂತ ಸಾಹೇಬ್ರು ಹೇಳಲ್ಲ, ಮುಹೂರ್ತ ಹೇಳುತ್ತೆ," ಅಂದ. "ಬೆಳಿಗ್ಗೆ ಪಿಎ ಒಂದು ಚೀಟಿ ಕೊಡೋನು. ಆರು ಮದುವೆ, ಎರಡು ಗೃಹಪ್ರವೇಶ, ಒಂದು ಕಳಸಾರೋಹಣ, ಒಂದು ಮಣ್ಣು. ನಡುವೆ ದಾರೀಲಿ ಸಿಗೋ ಊರಲ್ಲಿ ಗುದ್ದಲಿ ಪೂಜೆ. ಗುದ್ದಲಿ ಡಿಕ್ಕೀಲೇ ಇರೋದು. ಸಾಹೇಬ್ರಿಗೆ ಶುಗರು. ಎಲ್ಲಾ ಮದುವೇಲೂ ಗೋಧಿ ಹುಗ್ಗಿ. ಬ್ಯಾಡ ಅಂದ್ರೆ ಬೀಗರಿಗೆ ಬೇಜಾರು. ಅದಕ್ಕೆ ಅವರ ಎಲೆ ಪಕ್ಕ ನನ್ನ ಎಲೆ. ಯಾರೂ ನೋಡದಾಗ ಹುಗ್ಗಿ ಈ ಕಡೆ ಬರೋದು. ಐದು ವರ್ಷ ಮುಗಿಯೋ ಹೊತ್ತಿಗೆ ಅವರ ಶುಗರ್ ಕಂಟ್ರೋಲ್‌ಗೆ ಬಂತು, ನನಗೆ ಶುರುವಾಯ್ತು."

"ಮನವಿಗಳು ಏನಾಗ್ತಿದ್ವು ಮಾಮ?" ಅಂತ ಕೇಳಿದೆ. ಇದು ನನ್ನ ಕಸುಬಿನ ಪ್ರಶ್ನೆ.

"ಅವರು ಮೂಲೇಲಿ ‘ಪರಿಶೀಲಿಸಿ’ ಅಂತ ಬರೆದು ಸೈನ್ ಹಾಕಿ ಪಿಎ ಕೈಗೆ ಕೊಡೋರು. ಪಿಎ ಡಿಕ್ಕೀಲಿರೋ ಚೀಲಕ್ಕೆ ಹಾಕೋನು. ಅದರ ಮೇಲೇ ಹಾರ, ಶಾಲು, ಹಣ್ಣಿನ ಬುಟ್ಟಿ. ಗುಲಾಬಿ ಹಾರಕ್ಕೆ ನೀರು ಚಿಮುಕಿಸಿರ್ತಾರಲ್ಲ, ಆ ನೀರು ಸೋರಿ ಅರ್ಧ ಮನವಿ ಸಂಜೆ ಹೊತ್ತಿಗೆ ನೀಲಿ ನೀಲಿ. ಸೈನ್ ಕಾಣಿಸೋದು, ಊರು ಕಾಣಿಸ್ತಿರಲಿಲ್ಲ."

ನಾನು ಆವತ್ತೇ ತೀರ್ಮಾನ ಮಾಡಿದೆ. ಇನ್ನು ಮೇಲೆ ಎಮ್ಮೆಲ್ಲೆ ಮನವಿ ಅಂದ್ರೆ ಲೇಸರ್ ಪ್ರಿಂಟೇ. ಐದು ರೂಪಾಯಿ ಜಾಸ್ತಿ ಆಗುತ್ತೆ, ಆದ್ರೆ ಹಾರದ ನೀರಿಗೆ ಅಕ್ಷರ ಹರಡಲ್ಲ.

ಅಳಿಯಂದಿರು ಈ ಹೊತ್ತಿಗೆ ಬಾಯಿ ಬಿಟ್ಟರು. ಅವರದ್ದು ಹರಪನಹಳ್ಳಿ. ಹೆಂಡತಿ ಹೆರಿಗೆಗೆ ತವರಿಗೆ ಬಂದಾಗ ಜೊತೆಗೆ ಬಂದವರು, ಮಗು ಅಂಬೆಗಾಲಿಡುತ್ತಿದೆ, ಇವರು ಇನ್ನೂ ಹೊರಟಿಲ್ಲ. "ನಿಮಗೆ ಎಮ್ಮೆಲ್ಲೆ ಬರಲಿಲ್ಲ ಅನ್ನೋ ಚಿಂತೆ. ನಮಗೆ ಜಿಲ್ಲಾ ಕಚೇರಿ ಯಾವ ದಿಕ್ಕಿಗೆ ಅನ್ನೋ ಚಿಂತೆ. ನಾವು ಕೂತಲ್ಲೇ ಕೂತಿದ್ವಿ. 1997ರ ತನಕ ಬಳ್ಳಾರಿ, ಮುಖ್ಯಮಂತ್ರಿ ಜೆ.ಎಚ್. ಪಟೇಲರು ದಾವಣಗೆರೆ ಜಿಲ್ಲೆ ಮಾಡಿದಾಗ ದಾವಣಗೆರೆ, ಆಮೇಲೆ ತಿರುಗಾ ಬಳ್ಳಾರಿ, 2021ರಿಂದ ವಿಜಯನಗರ. ಹಳೇ ಪಹಣಿ, ಹೊಸ ಪಹಣಿ ಜೋಡಿಸಿಟ್ರೆ ನಮ್ಮ ಹೊಲ ಜಿಲ್ಲೆ ಜಿಲ್ಲೆ ಓಡಾಡಿದಂಗೆ ಕಾಣುತ್ತೆ."

"ನಿಮಗೆ ಕ್ಷೇತ್ರ ಆದ್ರೂ ಉಳಿದಿದೆ," ಅಂದರು ಮೆಂಬರ್ರು. "ಭರಮಸಾಗರದೋರನ್ನ ಕೇಳಿ ನೋಡಿ. 2008ರಲ್ಲಿ ಅವರ ಕ್ಷೇತ್ರವೇ ಮ್ಯಾಪಿಂದ ಹೋಯ್ತು. ಅದೇ ವರ್ಷ ದಾವಣಗೆರೆ ಮಾತ್ರ ಉತ್ತರ, ದಕ್ಷಿಣ ಅಂತ ಎರಡಾಯ್ತು. ಇದ್ದೋರಿಗೇ ಕೊಡೋದು ಜಾಸ್ತಿ."

"ತವರು ಜಿಲ್ಲೆ ಜನ ಅಂದ್ರೆ ಸುಲಭ ಅಲ್ಲ ಬಿಡ್ರಿ," ಅಂದರು ಮೇಷ್ಟ್ರು. ಇತಿಹಾಸ ಅಂದ್ರೆ ಅವರ ಅಲ್ಸರ್ ಕೂಡ ಸುಮ್ಮನಾಗುತ್ತದೆ. "ನಿಜಲಿಂಗಪ್ಪನೋರನ್ನೇ ಬಿಡಲಿಲ್ಲ. ಮುಖ್ಯಮಂತ್ರಿ ಆಗಿದ್ದೋರು. 1962ರಲ್ಲಿ ಹೊಸದುರ್ಗದಲ್ಲಿ ನಿಂತ್ರು. ಸ್ವಂತ ಚಿತ್ರದುರ್ಗ ಜಿಲ್ಲೆ. ಸೋಲಿಸಿ ಕಳಿಸಿದ್ರು. ಬಾಗಲಕೋಟೆಯೋರು ಸೀಟು ಬಿಟ್ಟುಕೊಟ್ಟು ಆರಿಸಿ ತಂದ್ರು, ಆವಾಗ ತಿರುಗಾ ಮುಖ್ಯಮಂತ್ರಿ ಆದ್ರು."

"ಹೊಸದುರ್ಗದಲ್ಲಿ ಯಾರದ್ದಾದ್ರೂ ಮಣ್ಣು ತಪ್ಪಿಸ್ಕೊಂಡಿದ್ರೇನೋ," ಅಂದಳು ಅಕ್ಕ.

ಮೇಷ್ಟ್ರಿಗೆ ಸಿಟ್ಟು ಬಂತು. ನಿಜಲಿಂಗಪ್ಪನವರ ಬಗ್ಗೆ ಹಾಗೆಲ್ಲ ಮಾತಾಡಬಾರದು ಅಂತ ಐದು ನಿಮಿಷ ಪಾಠ ಆಯಿತು. ಅದನ್ನ ಇಲ್ಲಿ ಬಿಟ್ಟಿದ್ದೀನಿ. ಅಕ್ಕ ಇನ್ನೊಂದು ಒಬ್ಬೆ ಮೆಣಸಿನಕಾಯಿ ತೆಗೆದಳು, ಪಾಠ ನಿಂತಿತು.

ಮಾತು ದುಡ್ಡಿಗೆ ಬಂತು. ಎಮ್ಮೆಲ್ಲೆ ಫಂಡು ಎಷ್ಟು ಅಂತ ಅಳಿಯಂದಿರು ಕೇಳಿದರು. ವರ್ಷಕ್ಕೆ 2 ಕೋಟಿ ಅಂದರು ಮೆಂಬರ್ರು. ಕೇಳಿದ ಕೂಡಲೇ ಎಲ್ಲರ ಕೈ ಮಂಡಕ್ಕಿಯಲ್ಲೇ ನಿಂತುಬಿಟ್ಟಿತು. ಎರಡು ಕೋಟಿ! ಮೇಷ್ಟ್ರು ಪೇಪರಿನ ಅಂಚಲ್ಲಿ ಲೆಕ್ಕ ಹಾಕಿದರು. "ಕ್ಷೇತ್ರದಲ್ಲಿ 150 ಊರು ಅಂತ ಹಿಡೀರಿ. ಊರಿಗೆ 1 ಲಕ್ಷ 33 ಸಾವಿರ. ಅದೂ ಅವರ ಕೈಗೆ ಬರಲ್ಲ. ಅವರು ಈ ಕೆಲಸ ಮಾಡಿ ಅಂತ ಬರೆದು ಕೊಡ್ತಾರೆ, ದುಡ್ಡು ಡಿಸಿ ಆಫೀಸಿನ ಮೂಲಕ ಹೋಗುತ್ತೆ. ನಿಮ್ಮ ಓಣೀಲಿ ಸಿಮೆಂಟು ಹಾಕ್ತಾ ಹೋದ್ರೆ ಎರಡನೇ ಮನೆ ಮೆಟ್ಟಿಲ ಹತ್ರ ದುಡ್ಡು ಮುಗೀತು. ದೊಡ್ಡ ಕೆಲಸ ಎಲ್ಲಾ ಇಲಾಖೆ ದುಡ್ಡಿಂದ ಆಗಬೇಕು. ಅದಕ್ಕೆ ಎಮ್ಮೆಲ್ಲೆ ಬೆಂಗಳೂರಲ್ಲಿ ಕೂತು ಫೈಲು ಹಿಂದೆ ಓಡಾಡಬೇಕು. ನೀವು ಅವರನ್ನ ಹುಗ್ಗಿಗೆ ಕರೀತೀರಿ."

"ಮೇಷ್ಟ್ರೇ, ನಿಮ್ಮ ಮನೆ ಮುಂದೆ ಡಾಂಬರು ಇದೆ. ಅದಕ್ಕೆ ಹಿಂಗೆಲ್ಲ ಮಾತಾಡ್ತೀರಿ," ಅಂದರು ಮೆಂಬರ್ರು. "ಹಳ್ಳದ ಓಣೀಲಿ ಒಂದು ಮಳೆಗಾಲ ಇದ್ದು ನೋಡಿ."

"ತಡೀರಿ," ಅಂದರು ಅಳಿಯಂದಿರು, ಸಮಾಧಾನ ಹೇಳೋ ದನಿಯಲ್ಲಿ. "ಮಾರಿಕಣಿವೆ ಡ್ಯಾಂ 1933ರಲ್ಲಿ ಕೋಡಿ ಬಿದ್ದಿದ್ದು ಆಮೇಲೆ 2022ರಲ್ಲೇ. 89 ವರ್ಷ! ನಿಮ್ಮ ಓಣಿಗೂ ಟೈಮ್ ಬರುತ್ತೆ."

ಆಗ ಡ್ರೈವರ್ ಮಾಮ ಒಂದು ಮಾತು ಹೇಳಿದ. ಅದರಿಂದಲೇ ಎಲ್ಲ ತಿರುಗಿದ್ದು. "ದಾರಿ ಮುಹೂರ್ತ ಹೇಳುತ್ತೆ ಅಂದ್ನಲ್ಲ. ಹಂಗಾದ್ರೆ ಹಳ್ಳದ ಓಣೀಲೇ ಒಂದು ಕಾರ್ಯ ಇಟ್ಕೊಂಡ್ರೆ ಸಾಹೇಬ್ರು ಬ್ಯಾರೆ ದಾರೀಲಿ ಹೆಂಗೆ ಬರ್ತಾರೆ?"

"ಬಂದಿದ್ರಲ್ಲ ಹೋದ ವರ್ಷ," ಅಂದಳು ಅಕ್ಕ. ಅವಳ ಮನೆ ಅದೇ ಓಣಿಯ ಕೊನೆಗೆ. "ನಮ್ಮ ಪಕ್ಕದ ಮನೆ ಅಜ್ಜನ ಮಣ್ಣಿಗೆ. ಮರೆತೇಬಿಟ್ರಾ?"

ನಿಜ. ಆ ಅಜ್ಜ ಎಲೆಕ್ಷನ್‌ನಲ್ಲಿ ಓಣಿಯ ಓಟೆಲ್ಲ ಒಂದು ಕಡೆ ಹಾಕಿಸುತ್ತಿದ್ದ ಮನುಷ್ಯ. ರಸ್ತೆಗೆ ಅರ್ಜಿ ಕೊಡುತ್ತಾ ಬಂದಿದ್ದೂ ಅವನೇ, ಹೆಬ್ಬೆಟ್ಟು ಒತ್ತಿಸಿಕೊಂಡಿದ್ದು ನನ್ನ ಅಂಗಡಿಯ ಇಂಕ್ ಪ್ಯಾಡಿನಲ್ಲೇ. ಅವನು ಹೋಗಿದ್ದು ರಾತ್ರಿ ಎರಡು ಗಂಟೆಗೆ. ಸಾಹೇಬ್ರು ಮಣ್ಣಿಗೆ ಬರ್ತಾರೆ ಅಂತ ಪಿಎ ಫೋನ್ ಮಾಡಿದ್ದು ನಾಲ್ಕಕ್ಕೆ. ಬೆಳಿಗ್ಗೆ ಆರಕ್ಕೆ ಟ್ರ್ಯಾಕ್ಟರಿನಲ್ಲಿ ಗರಸು ಬಂತು. ಏಳಕ್ಕೆ ಜೆಸಿಬಿ ಬಂದು ಹರಡಿತು, ಒಂಬತ್ತಕ್ಕೆ ರೋಲರು. ಗುಂಡಿ ಎಲ್ಲಿತ್ತು ಅಂತ ಹೇಳೋಕೆ ಓಣಿಯವರಿಗೂ ಆಗದಂತೆ ಮಾಡಿಬಿಟ್ಟರು. ನೀರು ಹೊಡೆದು ಧೂಳು ಕೂರಿಸಿದ್ದರು. ಅಜ್ಜನ ಮನೆ ಮುಂದೆ ಅಳೋರು ಅಳ್ತಾ ಇದ್ದರು, ಓಣಿಯ ಮಕ್ಕಳು ರೋಲರ್ ಹಿಂದೆ ಓಡ್ತಾ ಇದ್ದರು.

ಸಾಹೇಬ್ರು ಬಂದು ಹಾರ ಹಾಕಿ, ಅಜ್ಜನ ಮಗನ ಕೈ ಹಿಡಿದು ನಿಂತರು. ಮೆಂಬರ್ರು ಇದೇ ಸಮಯ ಅಂತ ಮನವಿ ಕೈಗಿಟ್ಟರು. ಅವರು ಓದಿದರು. ರಸ್ತೆ ಕಡೆ ಒಂದು ಸಲ ನೋಡಿದರು. "ರಸ್ತೆ ಚೆನ್ನಾಗೇ ಇದೆಯಲ್ರೀ," ಅಂದರು.

"ಚೆನ್ನಾಗಿತ್ತು ಬಿಡ್ರಿ ಅವತ್ತು," ಅಂದರು ಮೆಂಬರ್ರು, ಈಗಲೂ ನೋವಿನಿಂದ. "ಸುಳ್ಳು ಹೇಳೋಕಾಗುತ್ತಾ?"

"ಜೀವ ಇರೋತನಕ ಅರ್ಜಿ ಕೊಟ್ಟ," ಅಂದಳು ಅಕ್ಕ. "ಹೋಗ್ತಾ ತಾನೇ ರೋಡ್ ಮಾಡಿಸ್ಕೊಂಡು ಹೋದ ಪುಣ್ಯಾತ್ಮ."

ಆ ಗರಸು ಒಂದು ಮಳೆಗಾಲ ತಡೆಯಿತು. ಅರ್ಧ ಮಳೆಗಾಲ ಅನ್ನಬಹುದು. ಆಮೇಲೆ ಹಳ್ಳಕ್ಕೆ ಹೋಯಿತು, ಗುಂಡಿಗಳು ತಮ್ಮ ತಮ್ಮ ಜಾಗಕ್ಕೆ ವಾಪಸ್ ಬಂದವು.

ಇಷ್ಟು ಹೊತ್ತು ಮೊಬೈಲಿನಲ್ಲಿ ತಲೆ ಹುದುಗಿಸಿ ಕೂತಿದ್ದವನು ಫ್ಲೆಕ್ಸ್ ಹುಡುಗ. ಸಾಹೇಬ್ರ ಸ್ವಾಗತದ ಫ್ಲೆಕ್ಸ್‌ಗೆ ಊರಿನ ಮೂವತ್ತು ಜನರ ಫೋಟೋ ಕೂರಿಸುತ್ತಿದ್ದ. ಯಾರ ಮುಖ ಎಷ್ಟು ದೊಡ್ಡದಿರಬೇಕು ಅನ್ನೋದು ನಮ್ಮೂರಲ್ಲಿ ರಸ್ತೆಗಿಂತ ದೊಡ್ಡ ಸಮಸ್ಯೆ. ಅವನು ತಲೆ ಎತ್ತದೇ ಕೇಳಿದ, "ಹಂಗಾದ್ರೆ ತಿಂಗಳಿಗೊಂದ್ಸಲ ಕರೆಸ್ಬಿಟ್ರೆ?"

"ಯಾರನ್ನ?"

"ಸಾಹೇಬ್ರನ್ನ. ಅವರು ಒಂದ್ಸಲ ಬಂದ್ರೆ ಒಂದು ಲೇಯರ್ ಗರಸು. ಮನವಿ ಯಾಕೆ ಕೊಡ್ತೀರಿ? ಇನ್ವಿಟೇಷನ್ ಕೊಡಿ. ಅದೂ ನಮ್ಮ ಹತ್ರಾನೇ ಪ್ರಿಂಟ್ ಮಾಡಿಸಿ."

ಹುಡುಗ ಸುಮ್ಮನೆ ಹೇಳಿದ್ದು. ಆದರೆ ಮೆಂಬರ್ರು ಆಗಲೇ ಜೇಬಿನಿಂದ ಪೆನ್ನು ತೆಗೆದಿದ್ದರು. ಮೇಷ್ಟ್ರು ಎರಡು ಕೋಟಿ ಭಾಗಿಸಿದ ಪೇಪರನ್ನೇ ತಿರುಗಿಸಿ ಹಳ್ಳದ ಓಣಿಯ ಕ್ಯಾಲೆಂಡರ್ ಶುರು ಮಾಡಿದರು. ಬರೋ ಗುರುವಾರ ಹೇಗೂ ಬರ್ತಾರೆ, ಅಕ್ಕನ ಮೊಮ್ಮಗಳ ನಾಮಕರಣ ಅವತ್ತೇ. ಮಗುವಿಗೆ ಹೆಸರಿಟ್ಟು ತಿಂಗಳ ಮೇಲಾಗಿದೆ ಅಂದಳು ಅಕ್ಕ. ಇನ್ನೊಂದು ಸಲ ಇಟ್ಟರೆ ಏನು ಹೋಗುತ್ತೆ ಅಂದರು ಮೆಂಬರ್ರು. ಅದರ ಮುಂದಿನ ತಿಂಗಳು ಟೈಲರ್ ಸೊಸೆಯ ಸೀಮಂತ. ಆಮೇಲೆ ಬೋರ್‌ವೆಲ್ ಪೂಜೆ.

"ಬೋರ್‌ವೆಲ್ ಎಲ್ಲಿದೆ?"

"ಪೂಜೆ ಇದೆಯಲ್ಲ ಸಾಕು. ನೀರು ಬೀಳೋದು ಬಿಡೋದು ದೇವರಿಗೆ ಬಿಟ್ಟಿದ್ದು."

ಅಳಿಯಂದಿರು ತಮ್ಮ ಮಗುವಿನ ಜವಳ ಕೊಡ್ತೀನಿ ಅಂದರು. ಅಲ್ಲಿಗೆ ಅವರು ಇನ್ನೂ ನಾಲ್ಕು ತಿಂಗಳು ಹೊರಡೋದಿಲ್ಲ ಅಂತ ಖಾತ್ರಿ ಆಯಿತು. ಡ್ರೈವರ್ ಮಾಮ ಗಾಡಿ ಎಲ್ಲಿ ನಿಲ್ಲಬೇಕು, ಎಲ್ಲಿ ತಿರುಗಬೇಕು ಅಂತ ಮೆಣಸಿನಕಾಯಿ ತೊಟ್ಟು ಇಟ್ಟು ತೋರಿಸಿದ. ಗಾಡಿ ಓಣಿಯ ಕೊನೆಯಲ್ಲೇ ತಿರುಗಿದರೆ ಗರಸು ಕೊನೆವರೆಗೂ ಬೀಳುತ್ತೆ, ಮಧ್ಯ ತಿರುಗಿದರೆ ಮಧ್ಯಕ್ಕೇ ನಿಲ್ಲುತ್ತೆ ಅನ್ನೋದು ಅವನ ಅನುಭವ. ಹುಡುಗ ಇನ್ವಿಟೇಷನ್‌ಗೆ ಗಣಪತಿ ಹುಡುಕತೊಡಗಿದ. ನಾನೂ ಬಿಡಲಿಲ್ಲ. ಲಕೋಟೆ ಮೇಲಿನ ವಿಳಾಸ ಲೇಸರ್ ಪ್ರಿಂಟೇ ಇರಲಿ ಅಂದೆ.

ಪೆನ್ನು ಆಷಾಢಕ್ಕೆ ಬಂದು ನಿಂತಿತು.

"ಆಷಾಢದಲ್ಲಿ ಯಾವ ಶುಭಕಾರ್ಯನೂ ಇಲ್ಲ," ಅಂದಳು ಅಕ್ಕ.

"ಮಳೆ ಹೊಡೆಯೋದೇ ಆಷಾಢದಲ್ಲಿ," ಅಂದರು ಮೆಂಬರ್ರು. "ಆ ತಿಂಗಳು ಗರಸು ಬೀಳದಿದ್ರೆ ಉಳಿದದ್ದೆಲ್ಲ ವೇಸ್ಟು."

"ಆಷಾಢದಲ್ಲಿ ಸಾಹೇಬ್ರು ಮಣ್ಣಿಗೆ ಬಿಟ್ರೆ ಬ್ಯಾರೆ ಎಲ್ಲೂ ಹೋಗಲ್ಲ," ಅಂದ ಡ್ರೈವರ್ ಮಾಮ.

ಯಾರೂ ಏನೂ ಅನ್ನಲಿಲ್ಲ. ಆದರೆ ಒಬ್ಬೊಬ್ಬರಾಗಿ ಎಲ್ಲರ ಕಣ್ಣೂ ಮೇಷ್ಟ್ರ ಕಡೆ ಹೋದವು. ಅಲ್ಲಿ ಕೂತವರಲ್ಲಿ ವಯಸ್ಸಿಗೆ ದೊಡ್ಡವರು ಅವರೇ. ಮೇಷ್ಟ್ರು ಮೊದಲು ಪೇಪರ್ ನೋಡಿದರು, ಆಮೇಲೆ ನಮ್ಮನ್ನ ನೋಡಿದರು. ಅರ್ಧ ತಿಂದ ಮೆಣಸಿನಕಾಯಿ ಅಲ್ಲೇ ಬಿಟ್ಟು ಕೊಡೆ ತಗೊಂಡು ಎದ್ದರು.

"ನನ್ನ ಮನೆ ಮೇನ್ ರೋಡಲ್ಲಿದೆ ಕಣ್ರಪ್ಪಾ," ಅಂದರು.